ಮಣ್ಣೆಯ ಬಸದಿ ಮತ್ತು ಎಲ್ಲೆ ತೋರಿದವರು

ನೆಲಮಂಗಲ ತಾಲ್ಲೂಕಿನ ಮಣ್ಣೆ ಇವತ್ತು ಒಂದು ಸಾಮಾನ್ಯ ಹಳ್ಳಿ. ಸಾವಿರದಿನ್ನೂರು ವರ್ಷದ ಹಿಂದೆ ಇದೇ ಮಾನ್ಯಪುರ, ಗಂಗರ ರಾಜಧಾನಿ. ಇಲ್ಲಿಗೆ ಬಂದವರು ಕಪಿಲೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ ನೋಡಿ ಬೆರಗಾಗುತ್ತಾರೆ. ನಾವು ಬಂದದ್ದು ಜೈನ ಮುನಿಗಳ ಬಸದಿಯ ಚರಿತ್ರೆ ಹುಡುಕಿಕೊಂಡು.

ಬಸದಿ ಎಂಬ ಮಾತು ‘ವಸತಿ’ಯಿಂದ ಬಂದದ್ದು. ಮಠದ ಹಾಗೆ ಮುನಿಗಳು ತಂಗುವ, ಓದುವ, ಓದಿಸುವ ಜಾಗ. ಗಂಗರ ದಂಡನಾಯಕ ಶ್ರೀವಿಜಯ ಇಲ್ಲೊಂದು ಬಸದಿ ಕಟ್ಟಿಸಿದ. ಕ್ರಿ.ಶ. 797ರಲ್ಲಿ ಗಂಗ ಮಾರಸಿಂಹ ಅದಕ್ಕೆ ಒಂದು ಊರನ್ನೇ ದಾನ ಕೊಟ್ಟ. 802ರಲ್ಲಿ ಗಂಗವಾಡಿಯನ್ನು ಆಳುತ್ತಿದ್ದ ರಾಷ್ಟ್ರಕೂಟರ ಕಂಭದೇವನೂ ಅದೇ ಬಸದಿಗೆ ದಾನ ಕೊಟ್ಟ. ಧಣಿ ಬದಲಾದರೂ ದಾನ ನಿಲ್ಲಲಿಲ್ಲ.

ಊರು ದಾನ ಕೊಡೋದು ಅಂದರೇನು? ಗೇಯುವ ಜನ ಅರಮನೆಗೆ ಕಟ್ಟುತ್ತಿದ್ದ ತೆರಿಗೆ ಇನ್ನು ಮೇಲೆ ಬಸದಿಗೆ ಹೋಗುತ್ತೆ ಅಂತ. ಉಳುವವರು ಉಳುತ್ತಲೇ ಇರಬೇಕು. ಮುನಿಗಳ ಅಹಿಂಸೆ, ಅನ್ನದಾನ, ವಿದ್ಯಾದಾನ ಸುಳ್ಳೆಂದು ನಾವು ಹೇಳುವುದಿಲ್ಲ. ಯಜ್ಞದ ಹಿಂಸೆಯನ್ನು ಧಿಕ್ಕರಿಸಿದ ಧರ್ಮ ಅದು. ಆದರೆ ದಾನವಾದ ಆ ಅನ್ನವನ್ನು ಬೆಳೆದವರು ಯಾರು?

ಗಂಗರ ಎಷ್ಟೋ ತಾಮ್ರಪಟಗಳಲ್ಲಿ ರಾಜನ ವಂಶದ ಹೊಗಳಿಕೆಯೆಲ್ಲ ಸಂಸ್ಕೃತ. ಊರಿನ ಎಲ್ಲೆ ಹೇಳುವಾಗ ಮಾತ್ರ ಕನ್ನಡ ಬರುತ್ತದೆ. ಕೆರೆ, ಹಳ್ಳ, ಹುತ್ತ, ಮರ ಇವಕ್ಕೆ ಹೊಲದವರ ಮಾತೇ ಬೇಕಾಯಿತು. ಈ ಎಲ್ಲೆಯನ್ನು ಬಲ್ಲವರು ಯಾರು? 1873ರಲ್ಲಿ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆಯ ಹೊಲೆಯರ ಬಗ್ಗೆ ಒಂದು ಲೇಖನ ಬರೆದ. ಊರಿನ ಎಲ್ಲೆಗೆ ತಕರಾರು ಬಂದರೆ ಪ್ರಮಾಣ ಮಾಡುವ ಹಕ್ಕು ಹೊಲೆಯರ ಕುಳವಾಡಿ ಒಬ್ಬನದೇ ಎಂದು ಅದರಲ್ಲಿದೆ. ಊರ ಮಣ್ಣನ್ನು ಉಂಡೆ ಕಟ್ಟಿ, ತಲೆ ಮೇಲೆ ಹೊತ್ತು, ಅವನು ಗಡಿಯುದ್ದಕ್ಕೂ ನಡೆಯಬೇಕು. ತಪ್ಪು ದಾರಿ ತುಳಿದರೆ ಉಂಡೆ ಪುಡಿಯಾಗುತ್ತೆ ಎಂಬ ನಂಬಿಕೆ.

ನೋಡಿ ಗೆಳೆಯರೇ, ಊರಿನ ಗಡಿಗೆಲ್ಲ ಸಾಕ್ಷಿಯಾದವನ ಮನೆ ಊರಾಚೆಗೆ! ಅವನ ಮಾತು ಬೇಕು, ಅವನ ನೆರಳು ಬೇಡ. ಮಣ್ಣೆಯ ಪಟಗಳಿಗೂ ಈ ಲೇಖನಕ್ಕೂ ನಡುವೆ ಸಾವಿರ ವರ್ಷ ಕಳೆದಿದೆ, ನಿಜ. ಆದರೂ ಶಾಸನ ಓದುವಾಗಲೆಲ್ಲ ಕೇಳಲೇಬೇಕಾದ ಪ್ರಶ್ನೆ ಇದು: ಕೊಟ್ಟವರು, ಪಡೆದವರು ಸರಿ, ದುಡಿದವರೆಲ್ಲಿ?

ಹಳ್ಳಿ ಮೇಷ್ಟರು ಮಕ್ಕಳನ್ನು ಮಣ್ಣೆಗೆ ಕರೆದುಕೊಂಡು ಹೋಗಲಿ. ಶ್ರೀವಿಜಯನ ಹೆಸರು ಹೇಳಿಕೊಡಲಿ, ಕಲ್ಲು ಹೊತ್ತವರ ವಿಚಾರವನ್ನೂ ಎತ್ತಲಿ. ವಾಪಸು ಬಂದು, ತಮ್ಮ ಊರಿನ ಕುಳವಾಡಿ ಮನೆತನದ ಅಜ್ಜ ಅಜ್ಜಿಯರ ಹತ್ತಿರ ಕೂತು, ಕೆರೆ ಎಲ್ಲೆಗಳ ಕತೆ ಕೇಳಿ ಬರೆದಿಡಲಿ. ತಾಮ್ರಕ್ಕೆ ಏರದ ಚರಿತ್ರೆ ಅವರ ಬಾಯಲ್ಲಿದೆ. ಅದು ಅವರ ಜೊತೆ ಮಣ್ಣಾಗಬಾರದು.