ಬೆಂಗಳೂರಿನ ಹಳೆಯ ಪೇಟೆ

ಒಂದು ಊರಿನ ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಕೋಟೆಯ ಕಡೆಗೂ ಅರಮನೆಯ ಕಡೆಗೂ ಓಡುತ್ತದೆ. ಅರಸರು ಕಟ್ಟಿಸಿದುದು ಬಹುಮಟ್ಟಿಗೆ ಕಲ್ಲಿನದು, ಅದು ಉಳಿಯುತ್ತದೆ. ವರ್ತಕರೂ ಕಸುಬಿನವರೂ ಕಟ್ಟಿಕೊಂಡುದು ಮಣ್ಣು ಮರಗಳದು; ಅದು ಅಳಿದುಹೋಗುತ್ತದೆ. ಕೆಲವು ಕಾಲದ ಹಿಂದೆ ನಾವು ಚರಿತ್ರೆಯ ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಂಗಳೂರಿನ ಹಳೆಯ ಪೇಟೆಗೆ ಹೋಗಿದ್ದೆವು. ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಲ್ಲಿ, ಮೂಟೆ ಹೊತ್ತವರಿಗೂ ಕೈಗಾಡಿಗಳಿಗೂ ದಾರಿ ಬಿಡುತ್ತ ನಿಂತಿದ್ದಾಗ ಒಬ್ಬ ವಿದ್ಯಾರ್ಥಿಯು, "ಇಲ್ಲಿ ನೋಡುವುದಕ್ಕೆ ಏನಿದೆ, ಸಾರ್? ಹಂಪೆಯಲ್ಲಾದರೆ ಕಲ್ಲಾದರೂ ಇವೆ" ಎಂದನು. ಪ್ರಶ್ನೆ ನ್ಯಾಯವಾದುದೆ. ಆ ಗದ್ದಲದಲ್ಲಿ ಅದಕ್ಕೆ ತಕ್ಕ ಉತ್ತರವನ್ನು ಹೇಳಲಾರದೆ ಹೋದೆವು. ಅಂದು ಹೇಳದೆ ಉಳಿದುದನ್ನು ಇಂದು ಶ್ರೋತೃಗಳ ಮುಂದೆ ಹೇಳಲು ಯತ್ನಿಸುತ್ತೇವೆ.

ಮೊದಲು ಹೆಸರಿನ ಮಾತು. ಹಸಿದ ಅರಸನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟುದರಿಂದ ಬೆಂದಕಾಳೂರಾಯಿತೆಂಬ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಕಥೆ ಸೊಗಸಾಗಿದೆ, ಆದರೆ ಆ ಕಥೆಯ ಹೊಯ್ಸಳ ಅರಸನಿಗಿಂತ ಮೊದಲೆ, ಸುಮಾರು 890ರ ಗಂಗರ ಕಾಲದ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳೆಗದ ಮಾತು ಬಂದಿದೆ. ಹೆಸರು ಹಳೆಯದು, ನಾವು ಇಂದು ನಡೆಯುವ ಪಟ್ಟಣ ಮಾತ್ರ ಯಲಹಂಕ ನಾಡಿನ ಪ್ರಭು ಕೆಂಪೇಗೌಡನು 1537ರಲ್ಲಿ ಕಟ್ಟಿಸಿದುದು. ಶುಭಮುಹೂರ್ತದಲ್ಲಿ ನಾಲ್ಕು ನೇಗಿಲುಗಳಿಗೆ ಎತ್ತುಗಳನ್ನು ಕಟ್ಟಿ, ಈ ಚೌಕದಿಂದ ನಾಲ್ಕು ದಿಕ್ಕುಗಳಿಗೆ ಹೊಡೆಸಿ, ಆ ನೇಗಿಲ ಸಾಲುಗಳನ್ನೆ ಬೀದಿಗಳಾಗಿ ಮಾಡಿದನೆಂದು ಐತಿಹ್ಯವಿದೆ. ಇದಕ್ಕೆ ಶಾಸನದ ಆಧಾರವನ್ನು ಕೇಳುವುದು ವ್ಯರ್ಥ. ಆದರೆ ರೈತನ ನೇಗಿಲಿನಿಂದ ವರ್ತಕನ ಬೀದಿ ಹುಟ್ಟಿತೆಂದು ನೆನೆದ ಜನರ ಮನಸ್ಸು ಎಂತಹುದೆಂಬುದು ಅದರಿಂದ ತಿಳಿಯುತ್ತದೆ.

ಈ ಪೇಟೆಗೆ ಮಣ್ಣಿನ ಕೋಟೆ, ಸುತ್ತಲೂ ಕಂದಕ, ಅದರಾಚೆ ಮುಳ್ಳಿನ ಬೇಲಿ. ಮುಖ್ಯ ಬಾಗಿಲುಗಳು ನಾಲ್ಕು: ಪೂರ್ವಕ್ಕೆ ಹಲಸೂರು, ಪಶ್ಚಿಮಕ್ಕೆ ಸೊಂಡೆಕೊಪ್ಪ, ಉತ್ತರಕ್ಕೆ ಯಲಹಂಕ, ದಕ್ಷಿಣಕ್ಕೆ ಆನೇಕಲ್ಲು. ಬಾಗಿಲುಗಳಿಗೆ ದೇವರ ಹೆಸರನ್ನಾಗಲಿ ಅರಸರ ಹೆಸರನ್ನಾಗಲಿ ಇಡದೆ, ದಾರಿ ಹೋಗಿ ಸೇರುವ ಊರಿನ ಹೆಸರನ್ನಿಟ್ಟುದು ಗಮನಿಸತಕ್ಕ ವಿಷಯ. ಒಳಗಿನ ಬೀದಿಗಳಿಗೂ ಹಾಗೆಯೆ ಕೆಲಸದ ಹೆಸರುಗಳು ಬಂದುವು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆಗಳು ಮಾರುವ ಪದಾರ್ಥವನ್ನು ಹೇಳುತ್ತವೆ. ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆಗಳು ಅಲ್ಲಿದ್ದ ಜನರನ್ನು ಹೇಳುತ್ತವೆ. ತರಗುಪೇಟೆಯೆಂದರೆ ಧಾನ್ಯದ ದಲ್ಲಾಳಿಗಳ ಬೀದಿ. ನಗರ್ತಪೇಟೆಯೆಂದರೆ ನಗರ್ತ ವರ್ತಕರ ಬೀದಿ. ಮುಂದೆ ಆಳಿದವರೂ ಒಂದೆರಡು ಹೆಸರುಗಳನ್ನು ಸೇರಿಸಿದರು. ಸುಲ್ತಾನ್‌ಪೇಟೆ ಹೈದರ್, ಟಿಪ್ಪುಗಳ ಕಾಲವನ್ನೂ, ಕಬ್ಬನ್‌ಪೇಟೆ 1834ರಿಂದ 1861ರ ವರೆಗೆ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನನನ್ನೂ ನೆನಪಿಗೆ ತರುತ್ತವೆ. ಅಗಸೆಯಿಂದ ಅಗಸೆಗೆ ಈ ಹೆಸರುಗಳನ್ನು ಓದಿಕೊಂಡು ಹೋದರೆ ಅದೊಂದು ಚರಿತ್ರೆಯ ಪುಸ್ತಕವೆ.

ಆಳಿದವರಾದರೊ ಮೇಲಿಂದ ಮೇಲೆ ಬದಲಾದರು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನು ಬೆಂಗಳೂರನ್ನು ಗೆದ್ದನು; ಅದು ಶಹಾಜಿ ಭೋಸಲೆಯ ಜಹಗೀರಾಯಿತು. 1687ರಲ್ಲಿ ಮೊಗಲರ ಸೇನಾನಿ ಖಾಸಿಂ ಖಾನನು ಅದನ್ನು ಹಿಡಿದನು. ಅನಂತರ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗಳಿಗೆ ಅದನ್ನು ಪಡೆದರೆಂಬುದು ಪ್ರಸಿದ್ಧವಾದ ಮಾತು. ವರ್ತಕರ ಊರು ತಾನೇ ಒಮ್ಮೆ ವ್ಯಾಪಾರದ ಸರಕಾಯಿತು! ಪೇಟೆಯ ದಕ್ಷಿಣಕ್ಕಿದ್ದ ಮಣ್ಣಿನ ಕೋಟೆಯನ್ನು ಹೈದರಾಲಿಯು 1761ರಲ್ಲಿ ಕಲ್ಲಿನದಾಗಿ ಮಾಡಿಸಿದನು. ಅಲ್ಲಿ 1781ರಲ್ಲಿ ಆರಂಭವಾದ ತೇಗದ ಕಂಬಗಳ ಬೇಸಗೆಯ ಅರಮನೆಯು ಟಿಪ್ಪುವಿನ ಕಾಲದಲ್ಲಿ 1791ರಲ್ಲಿ ಮುಗಿಯಿತು. ಅದರ ಪಕ್ಕದಲ್ಲಿಯೆ ಒಡೆಯರ ಕಾಲದ ಕೋಟೆ ವೆಂಕಟರಮಣಸ್ವಾಮಿಯ ದೇವಾಲಯ. ಎರಡೂ ಇಂದಿಗೂ ಒಂದರ ನೆರೆಯಲ್ಲೊಂದು ನಿಂತಿವೆ.

ಅದೇ 1791ರಲ್ಲಿ ಪೇಟೆಯ ಬೆಲೆ ಎಷ್ಟೆಂಬುದು ಯುದ್ಧದಲ್ಲಿ ಗೊತ್ತಾಯಿತು. ದೊಡ್ಡ ಸೈನ್ಯದೊಡನೆ ಬಂದ ಲಾರ್ಡ್ ಕಾರ್ನ್‌ವಾಲಿಸನು ಮೊದಲು ಹಾಯ್ದುದು ಕಲ್ಲಿನ ಕೋಟೆಯ ಮೇಲಲ್ಲ, ಮಣ್ಣಿನ ಪೇಟೆಯ ಮೇಲೆ. ಅವನ ದನಗಳಿಗೆ ಮೇವಿಲ್ಲ, ಜನಕ್ಕೆ ಧಾನ್ಯ ಬೇಕು. ಅವೆರಡೂ ಪೇಟೆಯಲ್ಲಿ ದೊರೆಯಬಹುದೆಂಬ ಆಸೆ. ಮಾರ್ಚ್ 7ರಂದು ಪೇಟೆ ಬಿದ್ದಿತು. ಕರ್ನಲ್ ಮೂರ್‌ಹೌಸನು ಅಲ್ಲಿ ಸತ್ತನು. ಅದನ್ನು ಮರಳಿ ಪಡೆಯಲು ಟಿಪ್ಪುವಿನ ದಳವು ಅದೇ ದಿನ ಬೀದಿಬೀದಿಗಳಲ್ಲಿ ಹೋರಾಡಿ, ಬಹಳ ಜನರನ್ನು ಕಳೆದುಕೊಂಡು ಹಿಮ್ಮೆಟ್ಟಿತು. ಎರಡು ವಾರಗಳ ಮೇಲೆ, 21ರ ರಾತ್ರಿ ಕೋಟೆಯೂ ಬಿದ್ದಿತು. ಕಿಲ್ಲೇದಾರ ಬಹಾದೂರ್ ಖಾನನು ಹೋರಾಡುತ್ತ ಮಡಿದನು. ಪೇಟೆ ಕೈಬಿಟ್ಟ ಮೇಲೆ ಕೋಟೆ ಹೆಚ್ಚು ದಿನ ನಿಲ್ಲಲಿಲ್ಲ.

ಹೀಗೆ ನುಚ್ಚುನೂರಾದ ಪೇಟೆ ಮತ್ತೆ ತಲೆಯೆತ್ತಿದ ಬಗೆಯನ್ನು 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಗ್ರಂಥದಲ್ಲಿ ನೋಡಬೇಕು. ನೇಯುವ ಪಟ್ಟೆಗಾರರು, ಖತ್ರಿಗಳು, ದೇವಾಂಗರು, ತೊಗಟರು, ರೇಷ್ಮೆ, ಹತ್ತಿ, ಬಣ್ಣಗಳು, ಹೊರನಾಡಿನಿಂದ ಬರುವ ಸರಕುಗಳು ಇವೆಲ್ಲವನ್ನೂ ಅವನು ವಿಚಾರಿಸಿ ಬರೆದುಕೊಂಡನು. ನಿಜಾಮನ ಸೀಮೆಯೊಡನೆಯೂ ಆರ್ಕಾಟಿನೊಡನೆಯೂ ವ್ಯಾಪಾರವನ್ನು ಟಿಪ್ಪು ನಿಷೇಧಿಸಿದುದರಿಂದ ವರ್ತಕರು ಕೆಟ್ಟರೆಂದು ಅವನು ಹೇಳುತ್ತಾನೆ. ಬುಕಾನನ್ನನು ಕಂಪೆನಿಯ ನೌಕರನೆಂಬುದನ್ನು ಓದುಗರು ಮರೆಯಬಾರದು. ಸೋತ ಅರಸನ ವಿಷಯದಲ್ಲಿ ಗೆದ್ದವರ ನೌಕರನ ಮಾತನ್ನು ತೂಗಿ ನೋಡಬೇಕು. ಈ ನಾಡಿಗೆ ರೇಷ್ಮೆ ಹುಳುವಿನ ಸಾಕಣೆಯನ್ನು ತಂದು ಬೆಳೆಸಿದವನೂ ಟಿಪ್ಪುವೆ. ಚಿಕ್ಕಪೇಟೆಯ ಅಂಗಡಿಯಲ್ಲಿ ಮದುವೆಯ ಸೀರೆ ಬಿಚ್ಚುವಾಗ ಇವೆರಡು ಮಾತುಗಳನ್ನೂ ಜೊತೆಯಲ್ಲಿಯೆ ನೆನೆಯುವುದು ಚರಿತ್ರೆಯ ಧರ್ಮ.

ಮುಂದಿನ ಶತಮಾನದಲ್ಲಿ ಪೇಟೆಗೆ ಬಂದ ವಿಪತ್ತು ಯುದ್ಧವಲ್ಲ, ರೋಗ. 1898ರ ಪ್ಲೇಗು ಇಕ್ಕಟ್ಟಾದ ಓಣಿಗಳನ್ನು ಬರಿದುಮಾಡಿತು. ಅನುಕೂಲವಿದ್ದವರು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಹೊರಟರು. ವಾಸದ ಊರಾಗಿದ್ದುದು ಕ್ರಮೇಣ ಬರಿಯ ವ್ಯಾಪಾರದ ಊರಾಗತೊಡಗಿತು. ಪೇಟೆಗೂ ಕೋಟೆಗೂ ನಡುವೆ, ಹಿಂದೆ ಸಿದ್ಧಿಕಟ್ಟೆಯೆಂಬ ಕೆರೆಯಿದ್ದ ಸ್ಥಳದಲ್ಲಿ, 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಟ್ಟಡ ಎದ್ದಿತು. ಇಂದಿಗೂ ಬೆಳಗಿನ ಜಾವದಲ್ಲಿ ಅಲ್ಲಿಗೆ ಹೋದವರು ಸೇವಂತಿಗೆ, ಕನಕಾಂಬರ, ಮಲ್ಲಿಗೆಗಳ ರಾಶಿಯ ನಡುವೆ ಕನ್ನಡ, ತಮಿಳು, ತೆಲುಗು, ಉರ್ದುಗಳಲ್ಲಿ ಒಂದೇ ಉಸಿರಿಗೆ ಚೌಕಾಸಿ ನಡೆಯುವುದನ್ನು ಕೇಳಬಹುದು.

ಇನ್ನು ಉಳಿದಿರುವುದೇನು? ಕಲ್ಲಿನ ಕೋಟೆಯಲ್ಲಿ ದೆಹಲಿ ಬಾಗಿಲೂ ಸ್ವಲ್ಪ ಗೋಡೆಯೂ ಇವೆ. ಪೇಟೆಯ ನಾಲ್ಕು ಬಾಗಿಲುಗಳಲ್ಲಿ ಒಂದೂ ಇಲ್ಲ. ಹಲಸೂರು ಬಾಗಿಲು ಒಂದು ಪೊಲೀಸು ಠಾಣೆಯ ಹೆಸರಿನಲ್ಲಿ ಮಾತ್ರ ಬದುಕಿದೆ. ಮೂರ್‌ಹೌಸ್ ಮೊದಲಾದವರ ನೆನಪಿಗೆ ಹಡ್ಸನ್ ವೃತ್ತದ ಬಳಿ ನಿಲ್ಲಿಸಿದ್ದ ಸ್ತಂಭವನ್ನು 1964ರಲ್ಲಿ ಕೆಡವಿದರು. ಊರಿಗೆ ನೀರು ಕೊಟ್ಟ ಧರ್ಮಾಂಬುಧಿ ಕೆರೆಯ ಮೇಲೆ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣವಾಯಿತು. ಧಾನ್ಯದ ಸಗಟು ವ್ಯಾಪಾರದ ದೊಡ್ಡ ಪಾಲು ಯಶವಂತಪುರಕ್ಕೆ ಹೋಯಿತು. ಅಕ್ಕಿಪೇಟೆಯಲ್ಲಿ ಈಗ ಔಷಧಿಯ ಅಂಗಡಿಗಳು, ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿಗಳು. 2017ರಿಂದ ಚಿಕ್ಕಪೇಟೆಯ ಕೆಳಗೆ, ನೆಲದೊಳಗೆ, ಮೆಟ್ರೊ ರೈಲು ಓಡುತ್ತಿದೆ.

ಹೀಗಿದ್ದರೂ ವರ್ಷಕ್ಕೊಂದು ರಾತ್ರಿ ಹಳೆಯ ಪಟ್ಟಣ ಎದ್ದು ಬರುತ್ತದೆ. ಚೈತ್ರ ಮಾಸದ ಹುಣ್ಣಿಮೆಯಂದು ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗವು ಹೊರಟು ಪೇಟೆಪೇಟೆಗಳ ಗುಡಿಗಳ ಮುಂದೆ ಹಾಯ್ದು, ಅರಳೆಪೇಟೆಯ ತವಕ್ಕಲ್ ಮಸ್ತಾನರ ದರ್ಗಾದಲ್ಲಿಯೂ ನಿಂತು, ಬೆಳಗಾಗುವ ಹೊತ್ತಿಗೆ ಮರಳುತ್ತದೆ. ಗೋಡೆ ಬಿದ್ದ ಊರಿನ ಬೀದಿಗಳನ್ನು ಆ ಕಾಲುಗಳು ಇನ್ನೂ ಮರೆತಿಲ್ಲ.

ನಮ್ಮ ವಿದ್ಯಾರ್ಥಿಗೆ ಹೇಳಬೇಕಾಗಿದ್ದ ಉತ್ತರ ಇದೇ. ಹಂಪೆಯಲ್ಲಿ ಕಲ್ಲಿದೆ, ಆದರೆ ಆ ಬಜಾರುಗಳಲ್ಲಿ ಅಂದಿನ ವ್ಯಾಪಾರ ಇಲ್ಲ. ಇಲ್ಲಿ ಕಲ್ಲು ಕಡಮೆ. ವ್ಯಾಪಾರವು ಸುಮಾರು ಐದು ಶತಮಾನಗಳಿಂದ ಅದೇ ಬೀದಿಗಳಲ್ಲಿ ನಿಲ್ಲದೆ ನಡೆದಿದೆ. ಆದುದರಿಂದ ಇಲ್ಲಿ ಕಾಪಾಡಬೇಕಾದುದು ಕಟ್ಟಡಗಳನ್ನು ಮಾತ್ರವಲ್ಲ. ಬೀದಿಯ ಅಳತೆಯನ್ನು, ದುಡಿಯುವವರಿಗೆ ಇರುವ ಎಡೆಯನ್ನು, ಎಲ್ಲಕ್ಕೂ ಮಿಗಿಲಾಗಿ ಹೆಸರುಗಳನ್ನು. ದೊಡ್ಡಪೇಟೆಯನ್ನು ಅವೆನ್ಯೂ ರಸ್ತೆಯೆಂದು ಕರೆದು ಕರೆದು ಹಳೆಯ ಹೆಸರನ್ನು ನಾವೇ ಮುಕ್ಕಾಲು ಪಾಲು ಮರೆತಿದ್ದೇವೆ. ಮುಂದಿನ ಸಲ ಅಲ್ಲಿ ಹಳೆಯ ಪುಸ್ತಕ ಕೊಳ್ಳಲು ಹೋಗುವ ಶ್ರೋತೃಗಳು, ಹೋಗುವ ದಾರಿಯನ್ನು ಯಾರಾದರೂ ಕೇಳಿದರೆ, ದೊಡ್ಡಪೇಟೆಗೆ ಎಂದು ಹೇಳಿ ನೋಡಲಿ. ಆ ಬೀದಿಯನ್ನು ಉಳಿಸುವ ಕೆಲಸ ಅಷ್ಟರಿಂದ ಆರಂಭವಾಗಬಹುದು.