ಎದೆನೋವಿಗೆ ಚೌಕಾಸಿ ಇಲ್ಲ

ಎದೆ ಹಿಡ್ಕೊಂಡು ಆಸ್ಪತ್ರೆಗೆ ಬಂದ ಮನುಷ್ಯ ಚೌಕಾಸಿ ಮಾಡೋಕಾಗುತ್ತಾ? ಆಗಲ್ಲ. ಸ್ಟೆಂಟ್ ದುಬಾರಿಯಾದ ಕಥೆ ಶುರುವಾಗೋದೇ ಅಲ್ಲಿಂದ.

1977ರಲ್ಲಿ ಜ್ಯೂರಿಕ್‌ನ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ಕಟ್ಟಿಕೊಂಡ ರಕ್ತನಾಳವನ್ನು ಪುಟ್ಟ ಬಲೂನಿನಿಂದ ತೆರೆದರು. ಹೀಗೆ ತೆರೆದ ನಾಳ ಎಷ್ಟೋ ಸಲ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೇ 1986ರಲ್ಲಿ ಫ್ರಾನ್ಸ್‌ನಲ್ಲಿ ಒಳಗೆ ಲೋಹದ ಜಾಲರಿ ಕೂರಿಸಿದರು. ಅದೇ ಸ್ಟೆಂಟ್. ಎದೆ ಸೀಳದೆ ಜೀವ ಉಳಿಸುವ ದಾರಿ ಸಿಕ್ಕಿತು.

ಆದರೆ ಬಿಲ್ಲು? ನಮ್ಮಲ್ಲಿ ಔಷಧಿ ಲೇಪಿತ ಸ್ಟೆಂಟ್‌ನ ಸರಾಸರಿ ಬೆಲೆ ಸುಮಾರು 1.21 ಲಕ್ಷ ರೂಪಾಯಿಗೆ ಏರಿತ್ತು. ಕೊನೆಗೆ ವಕೀಲರೊಬ್ಬರು ದೆಹಲಿ ಹೈಕೋರ್ಟ್‌ ಮೆಟ್ಟಿಲೇರಿದರು. 2016ರಲ್ಲಿ ಸ್ಟೆಂಟ್ ಅಗತ್ಯ ಔಷಧಿಗಳ ಪಟ್ಟಿ ಸೇರಿತು. 2017ರ ಫೆಬ್ರವರಿಯಲ್ಲಿ ಸರ್ಕಾರ ಮಿತಿ ಹಾಕಿತು: ಲೇಪಿತ ಸ್ಟೆಂಟ್‌ಗೆ 29,600, ಬರೀ ಲೋಹದ್ದಕ್ಕೆ 7,260 ರೂಪಾಯಿ, ತೆರಿಗೆ ಬೇರೆ. ಒಂದೇ ಆದೇಶಕ್ಕೆ ಲಕ್ಷ ಹೋಗಿ ಸಾವಿರಕ್ಕೆ ಇಳೀತು ನೋಡಿ!

ಹಾಗಂತ ಗೆದ್ದೆವಾ? ಮಿತಿ ಬಿದ್ದಿದ್ದು ಸ್ಟೆಂಟ್‌ಗೆ ಮಾತ್ರ. ಐಸಿಯು, ಕ್ಯಾಥ್‌ಲ್ಯಾಬ್, ವೈದ್ಯರ ಶುಲ್ಕ ಆ ಆದೇಶದ ಹೊರಗೇ ಉಳಿದವು.

2021ರಲ್ಲಿ ಅಪ್ಪು ಅಗಲಿದರು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂತು. ಸರಿಯಾದ ದಾರಿ ಇದೇ. ಎದೆನೋವು ಬಂದಾಗ ಓಡಬೇಕಾದ್ದು ಆಸ್ಪತ್ರೆಗೆ, ಸಾಲ ಕೊಡೋರ ಮನೆಗಲ್ಲ.