ಪ್ರೀಕಾಸ್ಟ್ ಹಲಗೆಗಳ ತಡೆಗೋಡೆ

ಹಾವೇರಿ ಜಿಲ್ಲೆಯ ಮಾಸೂರಿನ ಸಮೀಪ ಕುಮುದ್ವತಿ ನದಿಗೆ ಅಡ್ಡಲಾಗಿ ನಿರ್ಮಿಸಲಾದ ಮದಗದ ಕೆರೆ ವಿಜಯನಗರ ಕಾಲದ್ದು. ಅದರದು ಮಣ್ಣಿನ ಏರಿ, ಮೈಗೆ ಕಲ್ಲಿನ ಹೊದಿಕೆ. ನೀರಿನ ಒತ್ತಡವನ್ನು ತಾಳುವುದು ಮಣ್ಣು. ಆ ಮಣ್ಣನ್ನು ಕೊರೆತದಿಂದ ಕಾಯುವುದು ಕಲ್ಲು.

ಇಂದು ಹೆದ್ದಾರಿ ಮೇಲ್ಸೇತುವೆಗಳ ಏರುದಾರಿಯಲ್ಲಿ ಕಾಣುವ ಪ್ರೀಕಾಸ್ಟ್ ಕಾಂಕ್ರೀಟ್ ಗೋಡೆಯಲ್ಲಿಯೂ ಹಲಗೆ ಕೇವಲ ಹೊರಮೈ. ಮಣ್ಣಿನ ಪದರಗಳ ನಡುವೆ ಹಾಸಿದ ಉಕ್ಕಿನ ಪಟ್ಟಿ ಅಥವಾ ಪಾಲಿಮರ್ ಜಾಲರಿಯೇ ಅದರ ನಿಜವಾದ ಬಲ. ಫ್ರಾನ್ಸಿನ ಎಂಜಿನಿಯರ್ ಆನ್ರಿ ವಿಡಾಲ್ 1960ರ ದಶಕದಲ್ಲಿ ಈ ವಿಧಾನವನ್ನು ಬಳಕೆಗೆ ತಂದರು.

ನಿರ್ಮಾಣ ವಿಧಾನ: ಮೊದಲು ಕಿರಿದಾದ ಕಾಂಕ್ರೀಟ್ ಪಟ್ಟಿಯನ್ನು ಸಮಮಟ್ಟದಲ್ಲಿ ಹಾಕಲಾಗುತ್ತದೆ. ಹಲಗೆಗಳನ್ನು ಕ್ರೇನ್ ಮೂಲಕ ಎತ್ತಿ ಅದರ ಮೇಲೆ ನಿಲ್ಲಿಸಲಾಗುತ್ತದೆ. ಮೊದಲ ಸಾಲಿಗೆ ಊರೆಗಳ ಆಧಾರ ಬೇಕು. ಮಣ್ಣು ತುಂಬಿದಂತೆ ಹಲಗೆ ಹೊರಕ್ಕೆ ಸರಿಯುವುದರಿಂದ ಅದನ್ನು ತುಸು ಒಳಕ್ಕೆ ವಾಲಿಸಿ ನಿಲ್ಲಿಸುತ್ತಾರೆ. ಪದರ ಪದರವಾಗಿ ಮಣ್ಣು ಹಾಕಿ ರೋಲರ್ ಓಡಿಸಲಾಗುತ್ತದೆ; ಹಲಗೆಯ ಸಮೀಪ ಮಾತ್ರ ಹಗುರ ಯಂತ್ರ ಬಳಸಬೇಕು. ಪಟ್ಟಿಗಳ ಉದ್ದ ಸಾಮಾನ್ಯವಾಗಿ ಗೋಡೆಯ ಎತ್ತರದ ಶೇ. 70ಕ್ಕಿಂತ ಕಡಿಮೆ ಇರಬಾರದು.

ಗೋಡೆಯ ದೊಡ್ಡ ಶತ್ರು ನೀರು. ಉತ್ತರ ಕರ್ನಾಟಕದ ಎರೆಮಣ್ಣು ನೀರು ಕುಡಿದು ಉಬ್ಬುವುದರಿಂದ ಭರ್ತಿಗೆ ಯೋಗ್ಯವಲ್ಲ. ನೀರು ಬಸಿಯುವ ಮರಳು ಮಿಶ್ರಿತ ಗೊರಸು ಬೇಕು. ಹಲಗೆಯ ಹಿಂದೆ ಜಲ್ಲಿಯ ಪದರ, ಸಂದುಗಳಿಗೆ ಸೋಸುಬಟ್ಟೆ ಕಡ್ಡಾಯ. ಭಾರತೀಯ ರಸ್ತೆ ಕಾಂಗ್ರೆಸ್ 2014ರಲ್ಲಿ ಇಂತಹ ಗೋಡೆಗಳಿಗೆ ಮಾರ್ಗಸೂಚಿ ಹೊರಡಿಸಿದೆ.

ಹಲಗೆ ಉಬ್ಬುವುದು, ಸಂದಿನಿಂದ ಮಣ್ಣು ಸೋರುವುದು, ಮೇಲಿನ ರಸ್ತೆ ಕುಸಿಯುವುದು ಅಪಾಯದ ಮುನ್ಸೂಚನೆಗಳು. ಬಿರುಕಿಗೆ ಸಿಮೆಂಟು ಮೆತ್ತಿದರೆ ನೀರಿನ ದಾರಿ ಮುಚ್ಚಿ ಒತ್ತಡ ಇನ್ನಷ್ಟು ಹೆಚ್ಚಬಹುದು.